ಬಳಚು (ಅಳಿವೆಯ ಚಿಪ್ಪುಮೀನು) ತಿನ್ನಬಹುದಾ ಅಂತ ಕೇಳಿದರೆ ಏನು ಹೇಳೋದು?

ಎಂ.ಎಸ್ಸಿ. ಕೊನೆಯಲ್ಲಿ ಶಿವಮೊಗ್ಗದ ಲ್ಯಾಬೊಂದರಲ್ಲಿ ಇಂಟರ್ನ್‌ಶಿಪ್ ಮಾಡಿದೆ. ವಿಷಯ, ಕರಾವಳಿಯಲ್ಲಿ ನದಿ ಸಮುದ್ರ ಸೇರುವ ಅಳಿವೆಗಳ ವಿಷಕಾರಿ ಪಾಚಿ. "ಪಾಚಿ ನೋಡಕ್ಕೆ ಘಟ್ಟ ಇಳೀಬೇಕಾ ಮಾರಾಯ್ತಿ, ನಮ್ಮ ಬಾವಿಕಟ್ಟೆ ಮೇಲೇ ಬೇಕಾದಷ್ಟಿದ್ಯಲ್ಲ" ಅಂತ ತೀರ್ಥಹಳ್ಳಿಯ ಅಜ್ಜಿ ನಕ್ಕಿದ್ದೇ ನಕ್ಕಿದ್ದು. ನಾವು ಹುಡುಕುತ್ತಿದ್ದದ್ದು ಕಾಲು ಜಾರಿಸುವ ಹಾವಸೆಯಲ್ಲ, ಬರಿಗಣ್ಣಿಗೆ ಕಾಣದ ಒಂಟಿ ಜೀವಕೋಶಗಳನ್ನು.

ಒಂದು ಬಾಟಲಿ ನೀರಿಗೆ, ಕೋಶಗಳನ್ನು ಕೊಂದು ಕೆಡದಂತೆ ಇಡುವ ಲೂಗಾಲ್ ಅಯೋಡಿನ್ ಹಾಕಿ ತಿಳಿ ಚಹಾದ ಬಣ್ಣಕ್ಕೆ ತರುತ್ತಿದ್ದೆವು. ಇನ್ನೊಂದನ್ನು ಹಾಗೇ ಇಡಬೇಕು, ಏಕೆಂದರೆ ಕೆಲವು ಜಾತಿಗಳ ಗುರುತು ಅವು ಈಜುವ ರೀತಿಯಲ್ಲೂ ಇದೆ. ಲ್ಯಾಬಲ್ಲಿ ಕೋಶಗಳನ್ನು ತಳಕ್ಕಿಳಿಸಿ, ಒಂದು ಮಿಲಿಲೀಟರ್ ಹಿಡಿಯುವ ಚೌಕಳಿ ಸ್ಲೈಡ್ ಮೇಲೆ ಎಣಿಸುವುದು. ಬೇಸರದ ಕೆಲಸವೇ, ಸುಳ್ಳು ಯಾಕೆ ಹೇಳಲಿ.

ಎಣಿಕೆಗಿಂತ ಮುಖ್ಯವಾದದ್ದು ಪಕ್ಕದ ಪುಸ್ತಕ: ಭರತವೋ ಇಳಿತವೋ, ಉಪ್ಪೆಷ್ಟು, ಮಳೆ ಬಂದಿತ್ತೇ. ಶರಾವತಿಯಲ್ಲಿ ವಿದ್ಯುತ್ತಿಗೆಂದು ಬಿಟ್ಟ ನೀರು ಹೊನ್ನಾವರದ ಅಳಿವೆಯನ್ನು ಸಿಹಿ ಮಾಡುತ್ತದೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ. ನಮ್ಮ ಮಲೆನಾಡಿನ ಜಲಾಶಯದ ಗೇಟು ಕೆಳಗಿನ ಪಾಚಿಯ ಪಟ್ಟಿಯನ್ನೇ ಬದಲಿಸಬಲ್ಲದು. ಉಪ್ಪಿನ ಅಂಕಿ ಬರೆಯದಿದ್ದರೆ ಎಷ್ಟು ಎಣಿಸಿದರೂ ದಂಡ.

ನಿಜವಾದ ಪರೀಕ್ಷೆ ಎದುರಾದದ್ದು ಅಘನಾಶಿನಿಯ ದಡದಲ್ಲಿ. ಬಳಚು ಹೆಕ್ಕುತ್ತಿದ್ದ ಹೆಂಗಸು ಕೇಳಿದರು: "ತಂಗಿ, ತಿಂದ್ರೆ ಅಡ್ಡಿಲ್ಲ ಅಲ್ದಾ?"

ಹೂಂ ಅನ್ನುವುದು ಸುಲಭ. ಆದರೆ ಸೂಕ್ಷ್ಮದರ್ಶಕಕ್ಕೆ ಕಾಣುವುದು ಜಾತಿ ಮತ್ತು ಸಂಖ್ಯೆ, ವಿಷವಲ್ಲ. ಒಂದೇ ಜಾತಿಯಲ್ಲಿ ವಿಷ ಮಾಡುವ ತಳಿಯೂ ಇರುತ್ತದೆ, ಮಾಡದ್ದೂ ಇರುತ್ತದೆ. ಬಳಚು ನೀರು ಸೋಸಿ ತಿನ್ನುವ ಪ್ರಾಣಿ, ನೀರು ತಿಳಿಯಾದ ಮೇಲೂ ಅದರ ಮಾಂಸದಲ್ಲಿ ವಿಷ ಉಳಿದಿರಬಹುದು. ಬಣ್ಣವನ್ನಂತೂ ನಂಬುವಂತಿಲ್ಲ. ಸಮುದ್ರವನ್ನು ಕೆಂಪಾಗಿಸಿ ರಾತ್ರಿ ನೀಲಿ ಮಿಂಚುವ ನಾಕ್ಟಿಲೂಕ ಎಂಬ ಸೂಕ್ಷ್ಮಜೀವಿ ನೋಡಲು ಭಯಾನಕ, ಆದರೆ ಚಿಪ್ಪುಮೀನು ತಿಂದವರಿಗೆ ಪಾರ್ಶ್ವವಾಯು ತರುವ ಸ್ಯಾಕ್ಸಿಟಾಕ್ಸಿನ್ ಅದರದ್ದಲ್ಲ. ಆ ವಿಷ ಬೇಯಿಸಿದರೂ ಹೋಗದು, ಅದಕ್ಕೆ ಪ್ರತಿವಿಷವೂ ಇಲ್ಲ. 1983ರಲ್ಲಿ ಮಂಗಳೂರಿಗೆ ಹತ್ತಿರದ ಕುಂಬಳೆಯಲ್ಲಿ ಚಿಪ್ಪುಮೀನು ತಿಂದವರು ಆಸ್ಪತ್ರೆ ಸೇರಿ, ಒಬ್ಬ ಹುಡುಗ ತೀರಿಕೊಂಡಿದ್ದ.

ನಮ್ಮ ಗೈಡ್ ಮೇಡಂ ಉತ್ತರ ಕೊಟ್ಟ ರೀತಿಯನ್ನು ನಾನು ಈಗಲೂ ಪಾಲಿಸುತ್ತೇನೆ. "ಅಕ್ಕ, ಇವತ್ತಿನ ನೀರಲ್ಲಿ ಆ ಪಾಚಿ ಇದೆಯಾ ಅಂತ ನೋಡಿ ಹೇಳ್ತೀವಿ. ಬಳಚಿನ ಮಾಂಸ ನಾವು ಪರೀಕ್ಷೆ ಮಾಡಿಲ್ಲ. ತಿಂದ ಮೇಲೆ ತುಟಿ, ನಾಲಿಗೆ ಜುಮ್ಮೆಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಅಂತ ಹೇಳಿ."

"ಅಂದ್ರೆ ನಿಮಗೂ ಗೊತ್ತಿಲ್ಲ" ಅಂದರು ಆಕೆ.

ಮೇಡಂ ಒಪ್ಪಿಕೊಂಡರು. ವರದಿಯ ಮೊದಲ ಶಿಫಾರಸೇ ಅದಾಯಿತು: ನೀರಿನ ಜೊತೆ ಮಾಂಸದ ವಿಷಪರೀಕ್ಷೆಯೂ ಆಗಬೇಕು. ಈ ಸಲದ ಬ್ಯಾಚಿನವರು ಬಾಟಲಿಗಳ ಜೊತೆಗೆ ಐಸ್ ಪೆಟ್ಟಿಗೆಯಲ್ಲಿ ಬಳಚನ್ನೂ ಘಟ್ಟ ಹತ್ತಿಸುತ್ತಿದ್ದಾರೆ.