ಬೋರ್ಡ್ ಹಿಡಿದವರ ಮಾತೋ, ಮಗುವಿನ ಮಾತೋ?

“ಮೇಡಂ, ಅಕ್ಷರದ ಬೋರ್ಡ್ ಹಿಡಿದು ಕಲಿಸಿದರೆ ಮಾತು ಬಾರದ ಆಟಿಸಂ ಮಕ್ಕಳೂ ಒಂದೊಂದೇ ಅಕ್ಷರ ತೋರಿಸಿ ಮನಸ್ಸಿನಲ್ಲಿರುವುದನ್ನು ಹೇಳುತ್ತಾರಂತೆ. ನಿಜವೇ? ನಮ್ಮ ಹುಡುಗನಿಗೂ ಶುರು ಮಾಡೋಣವೇ?” ಈಚೆಗೆ ನನ್ನ ಬಳಿ ಸ್ಪೀಚ್ ಥೆರಪಿಗೆ ಬರುವ ತಂದೆತಾಯಿಯರಲ್ಲಿ ಇದನ್ನು ಕೇಳದವರೇ ಕಡಿಮೆ. ಯಾರೋ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಡಿಯೊ ಹಾಕಿರುತ್ತಾರೆ. ಹುಟ್ಟಿದಾಗಿನಿಂದ ಮಾತೇ ಆಡದ ಹುಡುಗ ಬೋರ್ಡಿನ ಮೇಲೆ ಅಕ್ಷರ ಚುಚ್ಚುತ್ತಾ, ತನಗೆ ಮೊದಲಿನಿಂದಲೂ ಎಲ್ಲ ಅರ್ಥವಾಗುತ್ತಿತ್ತು ಎಂದು ಅಮ್ಮನಿಗೆ ಬರೆಯುತ್ತಾನೆ. ನೋಡಿದ ತಾಯಿಗೆ ಆ ರಾತ್ರಿ ನಿದ್ದೆ ಬಂದಿರುವುದಿಲ್ಲ. ಒಬ್ಬೊಬ್ಬರಿಗೂ ಕೂತು ಹೇಳುವುದನ್ನು ಇಲ್ಲಿ ಒಮ್ಮೆ ಬರೆದಿಡುತ್ತೇನೆ.

ಅವಸರದಲ್ಲಿರುವವರಿಗೆ ನನ್ನ ಉತ್ತರ ಇಷ್ಟು: ಅಕ್ಷರ ಖಂಡಿತ ಕಲಿಸಿ, ಮಗುವಿಗೆ ಬುದ್ಧಿಯಿದೆ ಎಂದು ನಂಬಿಯೇ ಕಲಿಸಿ. ಆದರೆ ಬೋರ್ಡನ್ನು ನೀವು ಹಿಡಿಯಬೇಡಿ, ಮೇಜಿನ ಮೇಲಿಡಿ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಹಟ ಯಾಕೆ ಎನ್ನುವವರು ಮುಂದೆ ಓದಿ.

ವಿಡಿಯೊದಲ್ಲಿ ಕಾಣುವ ಬೋರ್ಡ್ ಒಂದು ತೆಳು ಹಲಗೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಕೊರೆದಿರುತ್ತಾರೆ. ಶುರುವಿನಲ್ಲಿ 26 ಅಕ್ಷರಗಳನ್ನು ಮೂರು ಹಲಗೆಗಳಿಗೆ ಹಂಚಿರುತ್ತಾರೆ, ಅಕ್ಷರಗಳು ದೊಡ್ಡದಾಗಿರಲಿ ಎಂದು. ಮಗುವಿನ ಕೈಯಲ್ಲಿ ಪೆನ್ಸಿಲ್. ಸಹಾಯಕರು ಪಕ್ಕದಲ್ಲಿ ಕೂತು ಹಲಗೆಯನ್ನು ಮಗುವಿನ ಮುಖದ ಮುಂದೆ ಎತ್ತಿ ಹಿಡಿಯುತ್ತಾರೆ. ಒಂದು ಸಣ್ಣ ಪಾಠ ಓದಿ, ಪ್ರಶ್ನೆ ಕೇಳಿ, “ನೋಡು, ತಲುಪು, ಮುಂದಿನದು” ಎಂದು ಬಿಡುವಿಲ್ಲದೆ ಹುರಿದುಂಬಿಸುತ್ತಾರೆ. ಮಗು ಚುಚ್ಚಿದ ಅಕ್ಷರವನ್ನು ಗಟ್ಟಿಯಾಗಿ ಹೇಳಿ ಪದ ಜೋಡಿಸುತ್ತಾರೆ. ಅಭ್ಯಾಸವಾದ ಮೇಲೆ ಎಲ್ಲ ಅಕ್ಷರಗಳ ಒಂದೇ ಬೋರ್ಡ್, ಆಮೇಲೆ ಕೀಬೋರ್ಡ್. ಮಗುವಿನ ಕೈಯನ್ನು ಯಾರೂ ಮುಟ್ಟುವುದಿಲ್ಲ, ಆದ್ದರಿಂದ ಮಾತು ಮಗುವಿನದೇ ಎನ್ನುವುದು ಇದನ್ನು ನಡೆಸುವವರ ವಾದ.

ಈ ಕಥೆಗೆ ನಮ್ಮ ಬೆಂಗಳೂರಿನ ನಂಟೂ ಇದೆ. ಬೋರ್ಡ್ ಹಿಡಿಯುವ ಪದ್ಧತಿಗಳಲ್ಲಿ ಹೆಸರಾದ ಆರ್‌ಪಿಎಂ, ಅಂದರೆ ರ‍್ಯಾಪಿಡ್ ಪ್ರಾಂಪ್ಟಿಂಗ್ ಮೆಥಡ್, ಸೋಮಾ ಮುಖೋಪಾಧ್ಯಾಯ ಎಂಬ ತಾಯಿ ತಮ್ಮ ಮಗ ಟಿಟೋಗಾಗಿ ಕಟ್ಟಿಕೊಂಡದ್ದು. ತಾಯಿ ಮಗ ಬೆಂಗಳೂರಿನಲ್ಲಿದ್ದಾಗ ವಾಕ್ ಚಿಕಿತ್ಸಕಿ ಪ್ರತಿಭಾ ಕಾರಂತ ಅವರು ಟಿಟೋಗೆ ಕಲಿಸಿದ್ದರು. ಟಿಟೋ ಸ್ವಂತ ಕೈಯಲ್ಲಿ ಪೆನ್ಸಿಲ್ ಹಿಡಿದು ಬರೆಯುವುದನ್ನೂ ಕಲಿತರು. ಅವರ ಮೊದಲ ಪುಸ್ತಕವನ್ನು 2000ದಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಪ್ರಕಟಿಸಿತು. ಆಮೇಲೆ ಇಬ್ಬರೂ ಅಮೆರಿಕಕ್ಕೆ ಹೋದರು, ಸೋಮಾ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ನೆಲೆನಿಂತು ಪದ್ಧತಿಯನ್ನು ಹರಡಿದರು. ಈಗ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವ ‘ಸ್ಪೆಲ್ಲಿಂಗ್ ಟು ಕಮ್ಯುನಿಕೇಟ್’ ಅದರದೇ ಕವಲು. ಅದನ್ನು ಬೆಳೆಸಿದವರು ವರ್ಜೀನಿಯಾದ ಎಲಿಜಬೆತ್ ವೊಸ್ಸೆಲರ್. “ನಮ್ಮ ಬೆಂಗಳೂರಿನಲ್ಲೇ ಇದ್ದ ಹುಡುಗನಿಗೆ ಆಯಿತಲ್ಲ” ಎಂದು ತಂದೆಯರು ವಾದ ಹೂಡುತ್ತಾರೆ. ಒಬ್ಬ ಟಿಟೋ ಬರೆದರು ಎಂದಮಾತ್ರಕ್ಕೆ ಬೋರ್ಡ್ ಹಿಡಿದಲ್ಲೆಲ್ಲ ಬರೆಯುತ್ತಿರುವುದು ಮಗುವೇ ಎಂದು ತೀರ್ಮಾನವಾಗುವುದಿಲ್ಲ. ಪ್ರತಿ ಮಗುವಿಗೂ ಆ ಪ್ರಶ್ನೆಯನ್ನು ಹೊಸದಾಗಿ ಕೇಳಬೇಕು.

ಯಾಕೆಂದರೆ ಇದಕ್ಕೂ ಹಿಂದೆ ಒಂದು ದೊಡ್ಡ ಅನಾಹುತ ನಡೆದುಹೋಗಿದೆ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೋಸ್‌ಮೇರಿ ಕ್ರಾಸ್ಲಿ ಎಂಬವರು ಅಂಗವಿಕಲ ಮಕ್ಕಳ ಕೈಗೆ ಆಸರೆ ಕೊಟ್ಟು ಅಕ್ಷರ ತೋರಿಸುವುದನ್ನು ಆರಂಭಿಸಿದರು. ಸಿರಾಕ್ಯೂಸ್ ವಿಶ್ವವಿದ್ಯಾಲಯದ ಡಗ್ಲಸ್ ಬಿಕ್ಲೆನ್ ಅದನ್ನು ಅಮೆರಿಕಕ್ಕೆ ತಂದು 1990ರಲ್ಲಿ ಲೇಖನ ಬರೆದ ಮೇಲೆ ಕಾಡ್ಗಿಚ್ಚಿನಂತೆ ಹಬ್ಬಿತು. ‘ಫೆಸಿಲಿಟೇಟೆಡ್ ಕಮ್ಯುನಿಕೇಷನ್’ ಎಂದು ಅದರ ಹೆಸರು. ಮಾತೇ ಇಲ್ಲದ ಮಕ್ಕಳು ಕವಿತೆ ಬರೆದರು. ಕೆಲವು ಮಕ್ಕಳ ಕೈಯಿಂದ ಹೆತ್ತವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪಗಳೂ ಬಂದವು.

ಅಂಥ ಒಂದು ಆರೋಪ 1992ರಲ್ಲಿ ಮೇಯ್ನ್ ರಾಜ್ಯದಲ್ಲಿ ಬಂತು. ಹುಡುಗಿಯನ್ನು ಮನೆಯಿಂದ ಬೇರೆಡೆಗೆ ಕರೆದೊಯ್ದರು. ನಿಜ ತಿಳಿಯಲು ಹೊವರ್ಡ್ ಶೇನ್ ಎಂಬ ತಜ್ಞರನ್ನು ಕರೆಸಿದರು. ಅವರು ಮಾಡಿದ್ದು ಬಹಳ ಸರಳ. ಹುಡುಗಿಗೂ ಅವಳ ಕೈ ಹಿಡಿಯುತ್ತಿದ್ದ ಜಾನಿಸ್ ಬಾಯ್ಟನ್ ಎಂಬ ಸಹಾಯಕಿಗೂ ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಚಿತ್ರ ತೋರಿಸಿದರು. ಇಬ್ಬರಿಗೂ ಒಂದೇ ಚಿತ್ರ ತೋರಿಸಿದಾಗ ಉತ್ತರ ಸರಿ ಬಂತು. ಹುಡುಗಿಗೆ ಕೀಲಿಕೈ, ಸಹಾಯಕಿಗೆ ಲೋಟ ತೋರಿಸಿದಾಗ ಬಂದ ಉತ್ತರ ‘ಲೋಟ’. ಬಾಯ್ಟನ್ ಆಮೇಲೆ ಆ ಕೆಲಸ ಬಿಟ್ಟರು, ತಮ್ಮ ಶಾಲೆಯಲ್ಲೂ ನಿಲ್ಲಿಸಲು ಹೇಳಿದರು. ಈಗ ಅವರು ಇದರ ವಿರುದ್ಧವೇ ಬರೆಯುತ್ತಾರೆ. ನನ್ನ ಕಣ್ಣಿಗೆ ಈ ಇಡೀ ಪ್ರಕರಣದಲ್ಲಿ ಎಲ್ಲರಿಗಿಂತ ಧೈರ್ಯವಂತೆ ಆಕೆ. ಅದೇ ಹೊತ್ತಿನಲ್ಲಿ ನ್ಯೂಯಾರ್ಕ್ ರಾಜ್ಯದ ಒ. ಡಿ. ಹೆಕ್ ಕೇಂದ್ರದಲ್ಲಿ 12 ಮಂದಿಯನ್ನು ಹೀಗೆಯೇ ಪರೀಕ್ಷಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು 180 ಪ್ರಯತ್ನಗಳು. ಸಹಾಯಕರಿಗೆ ಗೊತ್ತಿಲ್ಲದ ಚಿತ್ರದ ಹೆಸರು ಒಮ್ಮೆಯೂ ಸರಿಯಾಗಿ ಬರಲಿಲ್ಲ. ಆ ಕೇಂದ್ರದವರೇ ಈ ಪದ್ಧತಿಯನ್ನು ನಂಬಿ ನಡೆಸುತ್ತಿದ್ದವರು ಎನ್ನುವುದನ್ನು ಮರೆಯಬಾರದು.

“ಹಾಗಾದರೆ ಸಹಾಯಕರು ಮೋಸ ಮಾಡುತ್ತಾರೆಯೇ?” ಖಂಡಿತ ಇಲ್ಲ. ಇದು ಮೋಸವಲ್ಲದಿರುವುದರಿಂದಲೇ ಬಿಡಿಸಿ ಹೇಳುವುದು ಕಷ್ಟ. ನಾವು ಎದುರುನೋಡುವ ಉತ್ತರ ನಮಗೇ ತಿಳಿಯದಂತೆ ನಮ್ಮ ಕೈ, ಕಣ್ಣು, ಉಸಿರಿನಲ್ಲಿ ಹೊರಬರುತ್ತದೆ. ನೂರು ವರ್ಷಕ್ಕೂ ಹಿಂದೆ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕ ಮಾಡುತ್ತದೆ ಎಂದು ಊರೆಲ್ಲ ನಂಬಿತ್ತು. 1904ರಲ್ಲಿ ಮನಶ್ಶಾಸ್ತ್ರಜ್ಞ ಆಸ್ಕರ್ ಫ್ಯುಂಗ್‌ಸ್ಟ್ ಕೂತು ಪರೀಕ್ಷಿಸಿದಾಗ, ಕೇಳಿದವರಿಗೆ ಉತ್ತರ ಗೊತ್ತಿದ್ದರೆ ಮಾತ್ರ ಕುದುರೆಗೂ ಗೊತ್ತಿರುತ್ತಿತ್ತು. ಸರಿಯಾದ ಸಂಖ್ಯೆ ಬಂದ ಕೂಡಲೇ ಕೇಳಿದವರ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ನಿಲ್ಲಿಸುತ್ತಿತ್ತು. ಇದನ್ನು ಕಂಡುಹಿಡಿದ ಫ್ಯುಂಗ್‌ಸ್ಟ್‌ಗೇ ತಮ್ಮ ತಲೆಯ ಅಲುಗಾಟ ತಡೆಯುವುದು ಕಷ್ಟವಾಯಿತಂತೆ. (ನಾನು ಮಕ್ಕಳನ್ನು ಕುದುರೆಗೆ ಹೋಲಿಸುತ್ತಿಲ್ಲ. ಇಲ್ಲಿ ನೋಡಬೇಕಾದದ್ದು ಪ್ರಶ್ನೆ ಕೇಳಿದವರನ್ನು.) ಗಾಳಿಯಲ್ಲಿ ಹಿಡಿದ ಬೋರ್ಡ್ ಅರ್ಧ ಅಂಗುಲ ಎಡಕ್ಕೋ ಬಲಕ್ಕೋ ಸರಿದರೆ ಪೆನ್ಸಿಲ್ ಚುಚ್ಚುವ ಅಕ್ಷರವೇ ಬೇರೆ. ಕೈ ಮುಟ್ಟದಿದ್ದರೂ ಬೋರ್ಡ್ ಕೈಯಲ್ಲೇ ಇದೆಯಲ್ಲ.

ಇನ್ನೊಂದು ಪಕ್ಷದ ಅತ್ಯುತ್ತಮ ಪುರಾವೆಯನ್ನೂ ಹೇಳಬೇಕು. ವರ್ಜೀನಿಯಾ ವಿಶ್ವವಿದ್ಯಾಲಯದ ವಿಕ್ರಮ್ ಜಸ್ವಾಲ್ ಮತ್ತು ಸಂಗಡಿಗರು ಬೋರ್ಡ್ ಬಳಸುವ ಒಂಬತ್ತು ಮಂದಿಯ ಕಣ್ಣಿನ ಚಲನೆಯನ್ನು ಅಳೆದು 2020ರಲ್ಲಿ ಪ್ರಕಟಿಸಿದರು. ಬೆರಳು ಹೋಗುವ ಮೊದಲೇ ಕಣ್ಣು ಆ ಅಕ್ಷರದ ಮೇಲೆ ಹೋಗಿರುತ್ತಿತ್ತು. ಆದ್ದರಿಂದ ಇದು ಬರೀ ಸೂಚನೆ ಪಾಲಿಸುವುದಲ್ಲ ಎನ್ನುವುದು ಅವರ ವಾದ. ಅಲ್ಲಿಯೂ ಬೋರ್ಡನ್ನು ಸಹಾಯಕರೇ ಹಿಡಿದಿದ್ದರು. ಆ ಸಹಾಯಕರಿಗೆ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಿದ್ದರೆ ಐದು ನಿಮಿಷದಲ್ಲಿ ಚರ್ಚೆ ಮುಗಿಯುತ್ತಿತ್ತು. ಅದನ್ನು ಮಾತ್ರ ಕೇಳಲಿಲ್ಲ. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಕೈ ಹಿಡಿಯುವ ಪದ್ಧತಿಯನ್ನು ಬಳಸಲೇಬಾರದು ಎಂದೂ ಆರ್‌ಪಿಎಂ ಅನ್ನು ಶಿಫಾರಸು ಮಾಡುವುದಿಲ್ಲ ಎಂದೂ ಹೇಳಿತು. ಮರುವರ್ಷ ಆರ್‌ಪಿಎಂ ಕುರಿತ ಸಂಶೋಧನೆಗಳನ್ನೆಲ್ಲ ಜಾಲಾಡಿದವರಿಗೆ ಮಾನದಂಡಕ್ಕೆ ನಿಲ್ಲುವ ಅಧ್ಯಯನ ಒಂದೂ ಸಿಗಲಿಲ್ಲ. 2024ರಲ್ಲಿ ಬಂದ ಒಂದು ಪಾಡ್‌ಕಾಸ್ಟಿನಲ್ಲಂತೂ ಬೋರ್ಡ್ ಬಳಸುವ ಮಕ್ಕಳು ತಾಯಿಯ ಮನಸ್ಸನ್ನೇ ಓದುತ್ತಾರೆ ಎಂದರು. ತಾಯಿಗೆ ಗೊತ್ತಿರುವ ಸಂಖ್ಯೆಯನ್ನೇ ಮಗು ಬರೆಯುತ್ತದೆ ಎಂದರೆ ಟೆಲಿಪತಿಗಿಂತ ಹತ್ತಿರದ ಕಾರಣವೊಂದು ತಾಯಿಯ ಕೈಯಲ್ಲೇ ಇರುತ್ತದೆ.

ಪರೀಕ್ಷೆ ಮಾಡುವುದೇ ಮಗುವಿಗೆ ಅವಮಾನ, ನಂಬಿಕೆ ಇಲ್ಲದಿದ್ದರೆ ಮಗು ಮುದುಡುತ್ತದೆ ಎಂಬ ಮಾತು ನನಗೆ ಅರ್ಥವಾಗುತ್ತದೆ. ಈ ಮಕ್ಕಳನ್ನು ಜೀವನಪೂರ್ತಿ ಪರೀಕ್ಷಿಸಿ, ಅಂಕ ಹಾಕಿ, ಕಡಿಮೆ ಎಂದು ಬರೆದವರಲ್ಲಿ ನನ್ನ ವೃತ್ತಿಯವರೂ ಇದ್ದಾರೆ. ಆದರೆ ಒಂದು ಯೋಚನೆ ಮಾಡಿ. ಎದುರಿಗಿರುವವರಿಗೆ ಗೊತ್ತಿಲ್ಲದ್ದನ್ನು ತಿಳಿಸುವುದೇ ತಾನೇ ಮಾತಿನ ಕೆಲಸ? ಶಾಲೆಯಲ್ಲಿ ಯಾರು ಹೊಡೆದರು, ಹೊಟ್ಟೆಯ ಯಾವ ಬದಿ ನೋಯುತ್ತಿದೆ, ಅಜ್ಜಿಯ ಮನೆಯಲ್ಲಿ ಏನು ತಿಂದೆ. ಅಮ್ಮನಿಗೆ ಮೊದಲೇ ಗೊತ್ತಿರುವುದನ್ನು ಮಾತ್ರ ಹೇಳಬಲ್ಲ ಸಾಧನದಿಂದ ಮಗುವಿಗೆ ಏನು ಸಿಕ್ಕಿತು? ಇದಕ್ಕೆ ಪರೀಕ್ಷೆಯ ಕೊಠಡಿಯೂ ಬೇಡ. ಸಂಜೆ ಅಪ್ಪ ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಲಿ, ಏನೋ ಕೊಡಿಸಲಿ, ಅಮ್ಮನಿಗೆ ಹೇಳದಿರಲಿ. ಮನೆಗೆ ಬಂದ ಮೇಲೆ ಅಮ್ಮ ಬೋರ್ಡ್ ಹಿಡಿದು “ಏನು ತಂದೆಯಪ್ಪಾ?” ಎಂದು ಕೇಳಲಿ. ಎಲ್ಲ ಮನೆಗಳಲ್ಲೂ ಎಲ್ಲ ಮಕ್ಕಳಿಗೂ ದಿನವೂ ಕೇಳುವ ಪ್ರಶ್ನೆ ಅದು.

ಬೋರ್ಡ್ ಕಲಿತುಬಂದ ಒಂದು ಕುಟುಂಬವನ್ನು ನನ್ನ ಕೊಠಡಿಯಲ್ಲಿ ನೋಡಿದ್ದೇನೆ. ತಾಯಿ ಬೋರ್ಡ್ ಎತ್ತಿ ಹಿಡಿದರು. ಹುಡುಗ ಕಿಟಕಿ ನೋಡುತ್ತಾ, ಪೆನ್ಸಿಲ್ ಆಡಿಸುತ್ತಾ, ತನಗೆ ಇತಿಹಾಸ ಓದುವ ಆಸೆಯಿದೆ ಎಂದು ಚೊಕ್ಕ ಇಂಗ್ಲಿಷಿನಲ್ಲಿ ‘ಬರೆದ’. ಅದೇ ಹೊತ್ತಿಗೆ ಅವನ ಎಡಗೈ ತಾಯಿಯ ವೇಲ್ ಹಿಡಿದು ಬಾಗಿಲ ಕಡೆಗೆ ಎಳೆಯುತ್ತಿತ್ತು. “ಇರು ಕಂದಾ, ವಾಕ್ಯ ಮುಗಿಸು” ಎಂದರು ತಾಯಿ. ನನಗೆ ಸಂಕಟವಾದದ್ದು ಅಲ್ಲಿ. ಹುಡುಗ ಸ್ಪಷ್ಟವಾಗಿಯೇ ಹೇಳುತ್ತಿದ್ದ: ಸಾಕು, ಹೋಗೋಣ. ಅದು ನೂರಕ್ಕೆ ನೂರು ಅವನ ಮಾತು. ಬೋರ್ಡಿನ ಮಾತು ಚೆಂದವಾಗಿದ್ದಷ್ಟೂ ಆ ಎಡಗೈಯ ಮಾತು ಕೇಳುವವರಿರುವುದಿಲ್ಲ. ದುಡ್ಡು ಹೋಗುವುದು ಆಮೇಲಿನ ನಷ್ಟ.

ಸರಿ, ಹಾಗಾದರೆ ಏನು ಮಾಡುವುದು? ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಶಾಲೆಯ ವಯಸ್ಸಿಗೆ ಬಂದರೂ ಬಹಳ ಕಡಿಮೆ ಮಾತಾಡುತ್ತಾರೆ, ಅಥವಾ ಆಡುವುದೇ ಇಲ್ಲ. ಅವರಿಗೆ ದಾರಿ ಇಲ್ಲವೆಂದಲ್ಲ. ಚಿತ್ರ ಕಾರ್ಡ್‌ಗಳಿವೆ. ಚಿತ್ರ ಒತ್ತಿದರೆ ದನಿ ಬರುವ ಆ್ಯಪ್‌ಗಳಿವೆ: ಚೆನ್ನೈನಲ್ಲಿ ಹುಟ್ಟಿದ ಅವಾಜ್, ಐಐಟಿ ಬಾಂಬೆಯವರು ಉಚಿತವಾಗಿ ಕೊಟ್ಟ ಜೆಲ್ಲೋ. “ಟ್ಯಾಬ್ ಕೊಟ್ಟರೆ ಬಾಯಿ ಬಿಡುವುದನ್ನೇ ಮರೆಯುತ್ತಾನೆ” ಎಂದು ಹೆದರುವ ಅಜ್ಜಿಯರಿಗಾಗಿ ಹೇಳುತ್ತೇನೆ, ಇದುವರೆಗಿನ ಅಧ್ಯಯನಗಳು ಹಾಗೆ ಹೇಳುವುದಿಲ್ಲ. ಕಾನಿ ಕಸಾರಿ ಮತ್ತಿತರರು 5ರಿಂದ 8 ವರ್ಷದ, ಮಾತು ಬಹಳ ಕಡಿಮೆಯಿದ್ದ 61 ಮಕ್ಕಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಥೆರಪಿಯ ಜೊತೆಗೆ ದನಿ ಬರುವ ಸಾಧನ ಸಿಕ್ಕ ಮಕ್ಕಳು ತಾವಾಗಿಯೇ ಹೇಳುವುದು ಇನ್ನಷ್ಟು ಹೆಚ್ಚಿತು.

ಅಕ್ಷರವೂ ಬೇಕು, ಯಾಕೆಂದರೆ ಚಿತ್ರದಲ್ಲಿ ಎಲ್ಲ ಹೇಳಲಾಗುವುದಿಲ್ಲ. ಆದರೆ ಯಾವ ಭಾಷೆಯ ಅಕ್ಷರ ಎಂದು ಯಾರೂ ಕೇಳುವುದಿಲ್ಲ, ಬೋರ್ಡ್ ಎಂದರೆ ಇಂಗ್ಲಿಷೇ ಎಂದುಕೊಂಡಿರುತ್ತಾರೆ. ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕನ್ನಡವನ್ನೇ ಕೇಳುವ ಮಗುವಿಗೆ ಕನ್ನಡದ ಅಕ್ಷರ ಕೊಡುವುದು ನ್ಯಾಯ. ಕಷ್ಟವಿದೆ, ಇಲ್ಲವೆನ್ನುವುದಿಲ್ಲ. 49 ಅಕ್ಷರ, ಅದರ ಮೇಲೆ ಕಾಗುಣಿತ, ಒತ್ತಕ್ಷರ. ‘ನೀರು’ ಎನ್ನಲು ಟ್ಯಾಬ್‌ನಲ್ಲಿ ನ, ಅದರ ದೀರ್ಘ, ರ, ಅದರ ಕೊಂಬು, ಹೀಗೆ ನಾಲ್ಕು ಸಲ ಒತ್ತಬೇಕು. ‘ಅಮ್ಮ’ ಎನ್ನಲೂ ನಾಲ್ಕು. ಬೆರಳು ಹಿಡಿತಕ್ಕೆ ಸಿಗದ ಮಗುವಿಗೆ ಅದು ದೊಡ್ಡ ಕೆಲಸ. ಆದ್ದರಿಂದ ನೀರು, ಸಾಕು, ಬೇಡ, ಹೊರಗೆ, ನೋವು ಮುಂತಾದ ಪದಗಳನ್ನು ಇಡಿಯಾಗಿ ಒಂದೊಂದು ಗುಂಡಿಯಲ್ಲಿಟ್ಟು, ಪಕ್ಕದಲ್ಲಿ ಅಕ್ಷರ ಬೆಳೆಸುತ್ತಾ ಹೋಗುತ್ತೇನೆ. ಮೊದಮೊದಲು ಕೈ ಹಿಡಿದು ತೋರಿಸಿದರೂ ತಪ್ಪಿಲ್ಲ, ಆ ಆಸರೆ ವಾರದಿಂದ ವಾರಕ್ಕೆ ಮೊಣಕೈಗೆ, ಭುಜಕ್ಕೆ, ಕೊನೆಗೆ ಏನೂ ಇಲ್ಲದ ಸ್ಥಿತಿಗೆ ಹಿಂದೆ ಸರಿಯಬೇಕು. ಸರಿಯದಿದ್ದರೆ ಆ ಹೊತ್ತಿನಲ್ಲಿ ಬಂದದ್ದನ್ನು ಮಗುವಿನ ಮಾತೆಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೀಗೆ ಕಲಿತ ಒಬ್ಬ ಹುಡುಗಿ ಒಮ್ಮೆ ತಾನೇ ಟ್ಯಾಬ್ ಎಳೆದುಕೊಂಡು ‘ಆಲು’ ಎಂದು ಒತ್ತಿದಳು. ತಾಯಿ ಆಲೂಗಡ್ಡೆ ಎಂದುಕೊಂಡರು. ಅವಳಿಗೆ ಬೇಕಾಗಿದ್ದದ್ದು ಹಾಲು. ಅವರ ಮನೆಯಲ್ಲಿ ಅಜ್ಜಿ ಹಕಾರ ಉಚ್ಚರಿಸುವುದಿಲ್ಲ, ಹುಡುಗಿ ಕಿವಿಗೆ ಬಿದ್ದದ್ದನ್ನೇ ಬರೆದಿದ್ದಳು. ಟೀಚರ್ ಆಗಿರುವ ಆ ತಾಯಿ ಬೋರ್ಡ್ ಹಿಡಿದಿದ್ದರೆ ಆ ತಪ್ಪು ಹುಟ್ಟುತ್ತಲೇ ಇರಲಿಲ್ಲ. ತಪ್ಪೇ ಇಲ್ಲದ ಉದ್ದುದ್ದ ವಾಕ್ಯಗಳಿಗಿಂತ ನನಗೆ ಅಂಥ ಒಂದು ‘ಆಲು’ ಹೆಚ್ಚು.

ಕೊನೆಗೆ, ಕಾರ್ಯಾಗಾರಕ್ಕೆ ಹೆಸರು ಕೊಟ್ಟೇಬಿಡೋಣ ಎಂದುಕೊಂಡವರು ದುಡ್ಡು ಕಟ್ಟುವ ಮೊದಲು ಎರಡು ವಿಷಯ ಕೇಳಿ. ಬೋರ್ಡನ್ನು ಸ್ಟ್ಯಾಂಡಿನಲ್ಲಿಟ್ಟು ಸಹಾಯಕರು ಮಗುವಿನ ಹಿಂದೆ, ಸುಮ್ಮನೆ ಕೂರಲು ಎಷ್ಟು ತಿಂಗಳು ಬೇಕು? ನೀವು ಹೊರಗಿದ್ದಾಗ ಒಳಗೆ ನಡೆದದ್ದನ್ನು ಮಗು ನೀವು ಹಿಡಿದ ಬೋರ್ಡಿನಲ್ಲಿ ಹೇಳಬಲ್ಲದೇ? ಪರೀಕ್ಷಿಸುವುದು ನಮ್ಮ ಪದ್ಧತಿಯಲ್ಲ ಎಂಬ ಉತ್ತರ ಬಂದರೆ ಆ ದುಡ್ಡಿನಲ್ಲಿ ಒಂದು ಟ್ಯಾಬ್ ಕೊಂಡುಕೊಳ್ಳಿ, ಬೀಳದ ಹಾಗೆ ಗಟ್ಟಿ ಕವರ್ ಸಹಿತ.