ಸಮುದ್ರ ವೀಕ್ಷಣೆಗೆ ಅಮೆರಿಕದಲ್ಲಿ ಕಾನೂನಿದೆ, ದುಡ್ಡಿನ ದಾರಿ ಬೇರೆ

ಅಮೆರಿಕದ ಸಂಸತ್ತು ಸಮುದ್ರ ವೀಕ್ಷಣೆಗೆ ಇಷ್ಟು ಕೋಟಿ ಡಾಲರಿನ ಮಸೂದೆ ಪಾಸು ಮಾಡಿತು ಎಂಬ ಸುದ್ದಿ ಓದಿದ ಊರಿನವರು, ದುಡ್ಡು ಕೈಸೇರಿತು ಎಂದೇ ತಿಳಿಯುತ್ತಾರೆ. ಸೇರಿರುವುದಿಲ್ಲ. ಇಲ್ಲಿ ಮಸೂದೆ ಎರಡು ಬಗೆ. ಒಂದು ಕಾರ್ಯಕ್ರಮಕ್ಕೆ ಅನುಮತಿ ಕೊಟ್ಟು, ವರ್ಷಕ್ಕೆ ಎಷ್ಟರವರೆಗೆ ಖರ್ಚು ಮಾಡಬಹುದೆಂದು ಹೇಳುತ್ತದೆ. ಹಣ ಬರುವುದು ಇನ್ನೊಂದರಿಂದ. ಅದು ಪ್ರತಿವರ್ಷದ ಅನುದಾನ ಮಸೂದೆ. ಎರಡರ ಮೊತ್ತವೂ ಒಂದೇ ಆಗಿರಬೇಕೆಂಬ ನಿಯಮವೇನಿಲ್ಲ.

ಕರಾವಳಿ ವೀಕ್ಷಣೆಯ ಮೂಲ ಕಾನೂನು 2009ರದು. ಸಮುದ್ರ ವೀಕ್ಷಣೆಯ ರಾಷ್ಟ್ರೀಯ ಜಾಲವಾದ ಇಂಟಿಗ್ರೇಟೆಡ್ ಓಶನ್ ಅಬ್ಸರ್ವಿಂಗ್ ಸಿಸ್ಟಮ್, ಬಳಕೆಯಲ್ಲಿ ಐಯೂಸ್, ನಿಂತಿರುವುದು ಅದರ ಮೇಲೆ. 2020ರ ಡಿಸೆಂಬರ್ 31ರಂದು ಸಹಿಯಾದ ಕಾಯ್ದೆ ಅದನ್ನು 2025ರ ಆರ್ಥಿಕ ವರ್ಷದವರೆಗೆ ವಿಸ್ತರಿಸಿತು. ಹಣ ಮೊದಲು ಸಮುದ್ರ ಮತ್ತು ಹವಾಮಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನೋವಾಗೆ ಬರುತ್ತದೆ. ಅಲ್ಲಿಂದ ಅಲಾಸ್ಕದಿಂದ ಕೆರಿಬಿಯನ್‌ವರೆಗಿನ 11 ಪ್ರಾದೇಶಿಕ ಸಂಘಗಳಿಗೆ, ಅವುಗಳ ಮೂಲಕ ವಿಶ್ವವಿದ್ಯಾಲಯಗಳಿಗೆ. ಸಮುದ್ರವೇ ಅಲ್ಲದ ಗ್ರೇಟ್ ಲೇಕ್ಸ್ ಸರೋವರಗಳಿಗೂ ಒಂದು ಸಂಘವಿದೆ.

ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರೊಳಗೆ ಅನುದಾನ ಮಸೂದೆ ಪಾಸಾಗುವುದು ಅಪರೂಪ. ಆಗ ಹಳೆಯ ಮಟ್ಟದಲ್ಲೇ ತಾತ್ಕಾಲಿಕವಾಗಿ ಹಣ ಬರುತ್ತದೆ, ಹೊಸ ಕೆಲಸ ಮಾತ್ರ ಸಾಮಾನ್ಯವಾಗಿ ಶುರು ಮಾಡುವಂತಿಲ್ಲ. ಕಾಗದದ ಮೇಲೆ ಇದು ಸಣ್ಣ ವಿಷಯ. ಆದರೆ ಗ್ರೇಟ್ ಲೇಕ್ಸ್‌ನ ಹೆಚ್ಚಿನ ಬೋಯ್‌ಗಳನ್ನು (ತೇಲುವ ಅಳತೆ ಉಪಕರಣಗಳನ್ನು) ಹಿಮಗಟ್ಟುವ ಮುನ್ನ ಎತ್ತಿ, ಚಳಿಗಾಲದಲ್ಲಿ ರಿಪೇರಿ ಮಾಡಿ, ವಸಂತದಲ್ಲಿ ಮತ್ತೆ ಇಳಿಸಬೇಕು. ಹಣ ತಡವಾಗಿ ಬಿಡಿಭಾಗದ ಆರ್ಡರ್ ಮಾರ್ಚ್‌ಗೆ ಹೋದರೆ ಬೇಸಿಗೆಯ ಅರ್ಧ ದತ್ತಾಂಶ ಕೈತಪ್ಪಿದಂತೆಯೇ.

ವೀಕ್ಷಣಾ ಉಪಕರಣಗಳ ಆಧುನೀಕರಣ ಎಂದರೇನು ಎಂಬುದಕ್ಕೆ, ಸಮುದ್ರದ ಮೇಲ್ಮೈ ಪ್ರವಾಹವನ್ನು ದಡದಿಂದಲೇ ಅಳೆಯುವ ಹೈ ಫ್ರೀಕ್ವೆನ್ಸಿ ರಾಡಾರನ್ನು ನೋಡಿ. ರೇಡಿಯೋ ತರಂಗದ ಅರ್ಧದಷ್ಟು ಉದ್ದದ ಸಮುದ್ರದ ಅಲೆಗಳಿಂದ ಬಲವಾದ ಪ್ರತಿಧ್ವನಿ ಬರುತ್ತದೆ. 13 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 23 ಮೀಟರ್, ಆದ್ದರಿಂದ ಅದು ಹಿಡಿಯುವುದು ಸುಮಾರು 11.5 ಮೀಟರ್ ಉದ್ದದ ಅಲೆಗಳನ್ನು. ಅವುಗಳ ಸಹಜ ವೇಗವನ್ನು ಕಳೆದರೆ ಉಳಿಯುವುದು ಮೇಲ್ಮೈ ಪ್ರವಾಹದ ವೇಗ. ಒಂದು ರಾಡಾರಿಗೆ ಕಾಣುವುದು ತನ್ನತ್ತ ಬರುವ ಅಥವಾ ತನ್ನಿಂದ ದೂರ ಹೋಗುವ ಚಲನೆ ಮಾತ್ರ. ದಿಕ್ಕು ಪೂರ್ತಿ ಗೊತ್ತಾಗಲು ಒಂದೇ ನೀರನ್ನು ಎರಡು ಕಡೆಯಿಂದ ನೋಡಬೇಕು. ಹಾಗಾಗಿ ಒಂದು ಕೇಂದ್ರ ಕೆಟ್ಟರೆ ಪಕ್ಕದ್ದು ಚಾಲೂ ಇದ್ದರೂ ನಕ್ಷೆಯಲ್ಲಿ ಖಾಲಿ ಜಾಗ. ನೀರಿನಲ್ಲಿ ಬಿದ್ದವರು ಎತ್ತ ತೇಲಿಹೋಗಿರಬಹುದೆಂದು ಕೋಸ್ಟ್ ಗಾರ್ಡ್ ಲೆಕ್ಕ ಹಾಕುವಾಗ ಈ ನಕ್ಷೆಯನ್ನೂ ಬಳಸುತ್ತದೆ.

ಕೆಡುವುದು ಏನು? ದುಬಾರಿ ಎಲೆಕ್ಟ್ರಾನಿಕ್ಸ್‌ಗಿಂತ ಹೆಚ್ಚಾಗಿ ಉಪ್ಪು ತಿಂದ ಕೇಬಲ್ ಕನೆಕ್ಟರ್, ಉಪಕರಣದ ಪೆಟ್ಟಿಗೆಗೆ ತಂಪು ಕೊಡುವ ಏಸಿ, ದಡದ ವಿದ್ಯುತ್. ಆಂಟೆನಾ ಪಕ್ಕ ಯಾರಾದರೂ ಲೋಹದ ಬೇಲಿ ಹಾಕಿದರೂ ದಿಕ್ಕಿನ ಲೆಕ್ಕ ತಪ್ಪಬಹುದು. ಆಗ ದೋಣಿಯಲ್ಲಿ ಟ್ರಾನ್ಸ್‌ಪಾಂಡರ್ (ರಾಡಾರಿಗೆ ಸಂಕೇತ ಮರಳಿಸುವ ಉಪಕರಣ) ಇಟ್ಟುಕೊಂಡು ಆಂಟೆನಾ ಎದುರು ಕಮಾನಿನಂತೆ ಸುತ್ತಿ ಮತ್ತೆ ಅಳತೆ ಮಾಡಬೇಕು. ಹೊಸ ರಾಡಾರ್ ಕೊಳ್ಳಲು ಹಣ ಕೇಳುವುದು ಸುಲಭ, ಫೋಟೋ ಚೆನ್ನಾಗಿ ಬರುತ್ತದೆ. ಈ ದೋಣಿಗೂ ಟೆಕ್ನಿಷಿಯನ್ ಸಂಬಳಕ್ಕೂ ಕೇಳುವುದೇ ಕಷ್ಟ.

ಉಬ್ಬರವಿಳಿತ ಮಾಪಕಗಳ ಕಥೆ ಸ್ವಲ್ಪ ವಾಸಿ. ಹಳೆಯವು ಕೊಳವೆಯೊಳಗೆ ಶಬ್ದ ಬಿಟ್ಟು ನೀರಿನ ಮಟ್ಟ ಅಳೆಯುತ್ತವೆ. ಕೊಳವೆಯ ಗಾಳಿ ಬಿಸಿಯಾದರೆ ಶಬ್ದದ ವೇಗ ಬದಲಾಗಿ ಲೆಕ್ಕ ಏರುಪೇರು. ಮೈಕ್ರೋವೇವ್ ರಾಡಾರ್ ಸೆನ್ಸರಿಗೆ ಆ ತೊಂದರೆಯಿಲ್ಲ, ನೀರಿಗೆ ತಾಗುವುದೂ ಇಲ್ಲ. ಬದಲಾಯಿಸುವಾಗ ಕೆಲಕಾಲ ಎರಡನ್ನೂ ಜೊತೆಯಲ್ಲೇ ಓಡಿಸಿ ಹೋಲಿಸಬೇಕು. ಇಲ್ಲದಿದ್ದರೆ ಸಮುದ್ರ ಮಟ್ಟದ ದಶಕಗಳ ದಾಖಲೆಯಲ್ಲಿ ಸುಳ್ಳು ಮೆಟ್ಟಿಲೊಂದು ಕೂತುಬಿಡುತ್ತದೆ.

ಐಯೂಸ್‌ನ ಕಾನೂನಿನಲ್ಲಿ ಯಾರೂ ಗಮನಿಸದ ಒಂದು ಅಂಶವಿದೆ. ಪ್ರಮಾಣೀಕೃತ ಪ್ರಾದೇಶಿಕ ಸಂಘ ಹಂಚಿದ ದತ್ತಾಂಶದ ಮೇಲೆ ಮೊಕದ್ದಮೆ ಬಂದರೆ, ಫೆಡರಲ್ ಸರ್ಕಾರದ ನೌಕರರಿಗಿರುವಂಥ ರಕ್ಷಣೆ ಅದಕ್ಕೂ ಸಿಗುತ್ತದೆ. ಬದಲಿಗೆ ಗುಣಮಟ್ಟದ ಪರೀಕ್ಷೆ ಕಡ್ಡಾಯ. ಪ್ರತಿ ಅಳತೆಗೂ ಒಂದು ಅಂಕಿ ಅಂಟಿಕೊಂಡಿರುತ್ತದೆ: 1 ಸರಿ, 2 ಪರೀಕ್ಷಿಸಿಲ್ಲ, 3 ಅನುಮಾನ, 4 ತಪ್ಪು, 9 ಅಳತೆಯೇ ಇಲ್ಲ. ಈ ದತ್ತಾಂಶ ಎಲ್ಲರಿಗೂ ಉಚಿತ. ಇಳಿಸಿಕೊಳ್ಳುವವರು ಈ ಕಾಲಮ್ಮನ್ನೂ ಜೊತೆಗೆ ಇಳಿಸಿಕೊಳ್ಳಿ. ಸೆನ್ಸರಿನ ಮೇಲೆ ಪಾಚಿ, ಬಾರ್ನಕಲ್ ಎಂಬ ಚಿಪ್ಪಿನ ಜೀವಿ ಬೆಳೆದಾಗ ಅಳತೆ ಒಮ್ಮೆಲೇ ಹಾರುವುದಿಲ್ಲ, ನಿಧಾನವಾಗಿ ಜಾರುತ್ತದೆ. ಅದು ಎಷ್ಟೋ ಸಲ 1ರ ಹಣೆಪಟ್ಟಿ ಹೊತ್ತೇ ಪಾಸಾಗಿರುತ್ತದೆ.