ಮಕ್ಕಳ ದಸರಾದಲ್ಲಿ "ಟಿಕೆಟ್ ಎಷ್ಟಕ್ಕ?" ಅಂತ ಕೇಳಿದವ್ರು

ಮಡಿಕೇರಿ ದಸರಾ ಅಂದ್ರೆ ಹೊರಗಿನವ್ರಿಗೆ ದಶಮಂಟಪ ಒಂದೇ ಗೊತ್ತು. ವಿಜಯದಶಮಿ ದಿನ ಮೈಸೂರಲ್ಲಿ ಜಂಬೂಸವಾರಿ ಮುಗಿಸ್ಕೊಂಡು ಅಲ್ಲಿಂದ್ಲೇ ಗಾಡಿ ಹತ್ತಿ ರಾತ್ರಿ ಇಲ್ಲಿಗೆ ಬಂದು, ಬೆಳಗಿನ ಜಾವದವರೆಗೂ ರೋಡಲ್ಲಿ ನಿಂತು ಟ್ರ್ಯಾಕ್ಟರ್ ಮೇಲೆ ಆಡೋ ಗೊಂಬೆಗಳನ್ನ ಕೂರಿಸಿದ ಹತ್ತು ದೇವಸ್ಥಾನಗಳ ಮಂಟಪ ನೋಡಿ ಹೋಗ್ತಾರೆ. ನಮಗೆ ಹಾಗಲ್ಲ, ನವರಾತ್ರಿ ಶುರುವಾಗೋ ದಿನ ಪಂಪಿನಕೆರೆಯಿಂದ ನಾಲ್ಕು ಶಕ್ತಿದೇವತೆಗಳ ಕರಗ ಹೊರಟ್ರೆ ಅಲ್ಲಿಂದ್ಲೇ ದಸರಾ, ಆಮೇಲೆ ಗಾಂಧಿ ಮೈದಾನದ ಕಾರ್ಯಕ್ರಮಗಳು. ಅದ್ರಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟ ಮಕ್ಕಳ ದಸರಾ. ಕಳೆದ ಸಲ ಅಣ್ಣನ ಮಕ್ಕಳನ್ನ ಕರ್ಕೊಂಡು ಹೋಗಿದ್ದೆ.

ಅಲ್ಲಿ ಮಕ್ಕಳೇ ಕೂತು ವ್ಯಾಪಾರ ಮಾಡೋ ಮಕ್ಕಳ ಸಂತೆ ನೋಡದೇ ಇದ್ದವ್ರಿಗೆ ಹೇಗೆ ಹೇಳೋದು. ನೆಲದ ಮೇಲೆ ಗೋಣಿಚೀಲ ಹಾಸಿ ಸಾಲಾಗಿ ಕೂತಿರ್ತಾರೆ, ಮುಂದೆ ಮನೆ ಹಿತ್ತಲಿಂದ ತಂದ ಬಾಳೆಕಾಯಿ, ಬೆಣ್ಣೆಹಣ್ಣು, ಚಕೋತ, ಕೆಸುವಿನ ಸೊಪ್ಪಿನ ಕಟ್ಟು, ಗಾಂಧಾರಿ ಮೆಣಸು, ಯಾರದೋ ಅಜ್ಜಿ ಮಾಡಿಕೊಟ್ಟ ಉಪ್ಪಿನಕಾಯಿ. ಅಣ್ಣನ ಮಗಳು ಮನೇಲಿ ನೆಂಟರು ಬಂದ್ರೆ ಬಾಗಿಲ ಹಿಂದೆ ನಿಲ್ಲೋ ಹುಡುಗಿ, ಅವತ್ತು ಗಂಟಲು ಹರಿಯೋ ಹಾಗೆ "ಬನ್ನಿ ಆಂಟಿ ಬನ್ನಿ, ತೋಟದ ಸೊಪ್ಪು" ಅಂತ ಕೂಗ್ತಿದ್ಲು. ಒಬ್ರು ಚೌಕಾಶಿ ಮಾಡಿದ್ದಕ್ಕೆ "ಕಿತ್ತಿದ್ದು ನಾನೇ, ಕೈ ತುರಿಕೆ ಇನ್ನೂ ಹೋಗಿಲ್ಲ" ಅಂದ್ಬಿಟ್ಲು. ಅವ್ರು ಮತ್ತೆ ಮಾತಾಡದೆ ಕೇಳಿದಷ್ಟು ಕೊಟ್ರು.

ಆ ಕಡೆ ಮಕ್ಕಳ ಮಂಟಪ. ದೊಡ್ಡವ್ರು ಟ್ರ್ಯಾಕ್ಟರ್ ಮೇಲೆ ಮಾಡೋದನ್ನ ಇವ್ರು ಸಣ್ಣದಾಗಿ ಮಾಡ್ತಾರೆ, ಆದ್ರೆ ತಲೆ ಓಡಿಸೋದ್ರಲ್ಲಿ ಏನೂ ಕಮ್ಮಿ ಇಲ್ಲ. ಒಂದು ಮಂಟಪದ ಹತ್ರ ನಾನು ತುಂಬ ಹೊತ್ತು ನಿಂತೆ. ಥರ್ಮಾಕೋಲಿನ ಮಹಿಷಾಸುರ, ಕೈ ಮೇಲೆ ಕೆಳಗೆ ಆಡೋದಕ್ಕೆ ಹಳೇ ಜೀಪಿನ ವೈಪರ್ ಮೋಟರ್, ಅದಕ್ಕೊಂದು ಬ್ಯಾಟರಿ. ದೇವಿಯ ಸಿಂಹಕ್ಕೆ ಮೋಟರ್ ಸಿಕ್ಕಿರ್ಲಿಲ್ಲ ಅನ್ಸುತ್ತೆ, ಕೆಳಗೆ ಬಟ್ಟೆಯೊಳಗೆ ಒಬ್ಬ ಪುಟ್ಟ ಹುಡುಗ ಕೂತು ದಾರ ಎಳೀತಿದ್ದ. ತೀರ್ಪುಗಾರರು ಬಂದಾಗ ಸಿಂಹ ಜೋರಾಗಿ ಬಾಯಿ ತೆಗೀತು, ಸುತ್ತ ಇದ್ದವ್ರೆಲ್ಲ ಹೋ ಅಂತ ಚಪ್ಪಾಳೆ ಹೊಡೆದ್ರು. ಆ ಹುಡುಗನ ಮುಖ ಯಾರಿಗೂ ಕಾಣ್ಲಿಲ್ಲ, ಬೆವರಿದ ಕಾಲು ಮಾತ್ರ ಕಾಣ್ತಿತ್ತು.

ಅಷ್ಟರಲ್ಲಿ ಮೈದಾನದ ಅಂಚಲ್ಲಿ ಒಂದು ಸಂಸಾರ ಕಣ್ಣಿಗೆ ಬಿತ್ತು. ಗಂಡ ಹೆಂಡತಿ, ಎರಡು ಮಕ್ಕಳು, ಕೈಯಲ್ಲಿ ಪೇಟೆಯಿಂದ ತಗೊಂಡ ಸಾಮಾನಿನ ಚೀಲ. ಒಳಗೂ ಬರಲ್ಲ ಹೋಗೋದೂ ಇಲ್ಲ, ದೊಡ್ಡ ಹುಡುಗ ಬೆರಳ ತುದೀಲಿ ನಿಂತು ಇಣುಕ್ತಿದ್ದಾನೆ. ಹತ್ರ ಹೋಗಿ ಒಳಗೆ ಬನ್ನಿ ಅಂದೆ. ಆಕೆ ಮೆಲ್ಲಗೆ "ಟಿಕೆಟ್ ಎಷ್ಟಕ್ಕ?" ಅಂದ್ರು. ಟಿಕೆಟ್ಟೇನೂ ಇಲ್ಲ ಅಂದ್ರೂ ಆಕೆಯ ಗಂಡ ನನ್ನ ನಂಬದೆ "ಯಾರಾದ್ರೂ ಏನಾದ್ರೂ ಅಂದ್ರೆ?" ಅಂತ ಕೇಳಿದ್ರು. ಸುಂಟಿಕೊಪ್ಪದ ಕಡೆ ಯಾವುದೋ ಎಸ್ಟೇಟಿನ ಲೈನ್ ಮನೆಯವ್ರು, ಅಂದ್ರೆ ತೋಟದ ಆಳುಗಳಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ ಇರೋರು, ವರ್ಷಗಟ್ಟಲೆ ಇಲ್ಲೇ ದುಡೀತಿದ್ದಾರೆ, ದಸರಾಕ್ಕೆ ಪೇಟೆಗೂ ಬರ್ತಾರಂತೆ, ಮೈದಾನದ ಒಳಗೆ ಮಾತ್ರ ಒಂದ್ಸಲಾನೂ ಕಾಲಿಟ್ಟಿಲ್ಲ. ನಂಗೆ ನಿಜವಾಗ್ಲೂ ಸಂಕಟ ಆಯ್ತು. ಕರ್ಕೊಂಡು ಬಂದು ಸೀದಾ ಆ ಮಹಿಷಾಸುರನ ಮುಂದೆ ನಿಲ್ಲಿಸಿದೆ, ಆ ಹುಡುಗ ಬಗ್ಗಿ ಮೋಟರ್ ನೋಡಿದವ್ನು ಅಲ್ಲಿಂದ ಏಳ್ಲೇ ಇಲ್ಲ.

"ಜನಕ್ಕೆ ಕಲೆ ಸಾಹಿತ್ಯದಲ್ಲಿ ಆಸಕ್ತಿ ಇಲ್ಲ, ಕುರ್ಚಿ ಖಾಲಿ" ಅನ್ನೋ ಮಾತು ಎಲ್ಲಾ ಕಡೆ ಕೇಳ್ತೀವಿ. ದಸರಾದ ಬಹುಭಾಷಾ ಕವಿಗೋಷ್ಠೀಲಿ ಕನ್ನಡ, ಕೊಡವ, ಅರೆಭಾಷೆ, ತುಳು, ಮಲಯಾಳಂ ಎಲ್ಲ ಒಂದೇ ವೇದಿಕೇಲಿ ಕೇಳಬಹುದು, ಎಷ್ಟು ಊರಲ್ಲಿ ಇಂಥದ್ದು ಸಿಗುತ್ತೆ ಹೇಳಿ. ಅದಕ್ಕೆ ಇನ್ನೂ ಜನ ಬರ್ಬೇಕು ಅಂತ ನಂಗೂ ಆಸೆ. ಆದ್ರೆ ನಮ್ಮ ಜಿಲ್ಲೆ ಹೇಗಿದೆ ಅನ್ನೋದನ್ನೂ ನೋಡ್ಬೇಕಲ್ವಾ. ಇಲ್ಲಿ ಮನೆ ಅಂದ್ರೆ ತೋಟದ ಮಧ್ಯ ಒಂದೊಂದು, ಪಕ್ಕದ ಮನೆಗೆ ಹೋಗ್ಬೇಕಾದ್ರೂ ಗಾಡಿ ಬೇಕು, ಸಂಜೆ ಆದ್ಮೇಲೆ ಎಷ್ಟೋ ಊರಿಗೆ ಬಸ್ಸಿಲ್ಲ, ಸಿದ್ದಾಪುರ ಅಮ್ಮತ್ತಿ ಕಡೆಯವ್ರಿಗೆ ಕತ್ತಲಾದ್ರೆ ರೋಡಲ್ಲಿ ಆನೆ ಭಯ. ಮಳೆ ಬಿಟ್ಟು ಕಾರ್ಯಕ್ರಮ ಮಾಡೋ ಕಾಲ ಬಂತು ಅನ್ನುವಾಗ ಕಾಫಿ ಕುಯ್ಲು ಶುರು, ಆಳುಗಳಿಗೂ ಬಿಡುವಿಲ್ಲ, ತೋಟದವ್ರಿಗೂ ಬಿಡುವಿಲ್ಲ. ಸಂಜೆ ಆರೂವರೆಗೆ ನಾಟಕ ಇಟ್ಟು, ಮೊದಲು ಒಂದೂವರೆ ಗಂಟೆ ಭಾಷಣ ಮಾಡಿ, ಆಮೇಲೆ ಜನ ಬರ್ಲಿಲ್ಲ ಅನ್ನೋದು ಸರಿಯಲ್ಲ.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಕೋಲಾಟ ನೋಡಿ. ಊರಿನ ಕೋಲಾಟದ ಮೈದಾನ ಮಂದ್‌ಗೆ ಬರೋದಕ್ಕೆ ಯಾರೂ ಇನ್ವಿಟೇಷನ್ ಕೊಡಲ್ಲ. ಕೋಲು ಹಿಡಿದವ್ನು ಆಡ್ತಾನೆ, ದುಡಿ ಬರೋನು ದುಡಿ ಬಡೀತಾನೆ, ವಯಸ್ಸಾದವ್ರು ಪಕ್ಕದಲ್ಲಿ ನಿಂತು ಹೆಜ್ಜೆ ತಪ್ಪಿದವ್ರನ್ನ ಗದರ್ತಾರೆ, ಅವ್ರದ್ದೂ ಒಂದು ಕೆಲಸವೇ. ಮಕ್ಕಳ ದಸರಾ ತುಂಬೋದೂ ಹೀಗೇ, ಅಲ್ಲಿ ಸೊಪ್ಪು ಮಾರೋ ಮಗುವಿಗೆ ಒಂದು ಮನೆ ಇದೆ, ಸೊಪ್ಪು ಕಟ್ಟಿಕೊಟ್ಟ ಅಜ್ಜಿ ಇದ್ದಾರೆ, ಗೋಣಿಚೀಲ ಹೊತ್ತು ತಂದ ಮಾವ ಇದ್ದಾನೆ, ಎಲ್ರೂ ಬಂದೇ ಬರ್ತಾರೆ. ಲೈನ್ ಮನೆಯವ್ರಿಗೆ ನಾವು ಅಂಥ ಯಾವ ಕೆಲಸ ಕೊಟ್ಟಿದ್ದೀವಿ? ಇಲ್ಲಿಗೆ ಬರಬಹುದು ಅಂತಾನೇ ಯಾರೂ ಅವ್ರಿಗೆ ಹೇಳಿಲ್ಲ.

ಅವತ್ತು ಬಸ್ಸಿಗೆ ಹೊತ್ತಾಯ್ತು ಅಂತ ಅವ್ರು ಹೊರಟಾಗ ಆ ಹುಡುಗ "ನಮ್ಮ ಸ್ಕೂಲಿಂದ್ಲೂ ಮಂಟಪ ಮಾಡ್ಬಹುದಾ ಅಕ್ಕ?" ಅಂತ ಕೇಳಿದ. ಸ್ಕೂಲಿನ ಹೆಸರು ಬರ್ಕೊಂಡೆ. ಅದರ ಮುಂದಿನ ವಾರಾನೇ ಅವ್ರ ಟೀಚರ್ ಹತ್ರ ಮಾತಾಡ್ದೆ, ಮಕ್ಕಳು ರೆಡಿ ಇದ್ದಾರೆ, ಕರ್ಕೊಂಡು ಬರೋದು ಹೇಗೆ ಅನ್ನೋದೇ ಅವ್ರ ಚಿಂತೆ. ವೈಪರ್ ಮೋಟರಿಗೆ ನಮ್ಮ ಗ್ಯಾರೇಜಿನ ಅಣ್ಣ ಒಪ್ಪಿದ್ದಾರೆ, ಮಕ್ಕಳು ಅವ್ರ ಅಪ್ಪ ಅಮ್ಮ ಎಲ್ಲ ಒಟ್ಟಿಗೆ ಬಂದು ವಾಪಸ್ ಹೋಗೋ ಹಾಗೆ ಒಂದು ವ್ಯಾನ್ ಆಗ್ಬೇಕು. ಸುಂಟಿಕೊಪ್ಪದ ಕಡೆ ಯಾರದ್ದಾದ್ರೂ ಇದ್ರೆ, ಮಕ್ಕಳ ದಸರಾಕ್ಕೆ ಒಂದು ದಿನದ ಮಟ್ಟಿಗೆ ಕೊಡೋದಾದ್ರೆ ದಯವಿಟ್ಟು ತಿಳಿಸಿ.